ಅಕ್ಕನ ಕಾರಿಗೆ ಒಂದೇ ಸುತ್ತಿನ ಪಾಲಿಶ್

ಮೊದಲು ನನ್ನ ಸ್ವಭಾವವನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಆದದ್ದಕ್ಕೆಲ್ಲ ಅದೇ ಕಾರಣ. ನನಗೆ ಮೂಗಿನ ತುದಿಯಲ್ಲೇ ಕೋಪ. ಹಿಡಿದ ಕೆಲಸ ನನ್ನ ಕಣ್ಣಿಗೆ ಸರಿ ಕಾಣುವ ತನಕ ಬಿಡುವವನಲ್ಲ, ಯಾರು ಹೇಳಿದರೂ ಕೇಳುವವನಲ್ಲ. ಬಹಳ ಕಾಲ ಇದನ್ನು ನನ್ನ ದೊಡ್ಡ ಗುಣ ಎಂದೇ ತಿಳಿದುಕೊಂಡಿದ್ದೆ. ಅಕ್ಕ ಮಾತ್ರ ಅದನ್ನು ಹಠ ಎನ್ನುತ್ತಿದ್ದಳು.

ಬೈಕಂಪಾಡಿಯಲ್ಲಿ ನನ್ನದೊಂದು ತಗಡಿನ ಶೆಡ್ಡು ಇದೆ. ಎರಡು ಕಾರು ನಿಲ್ಲಿಸುವಷ್ಟು ಜಾಗ, ನಾಲ್ಕು ಲೈಟು, ಎರಡು ಪಾಲಿಶ್ ಮೆಷಿನ್. ನನ್ನದು ಅಂದೆ, ಅರ್ಧ ನನ್ನದು. ಇನ್ನರ್ಧ ನನ್ನ ಗೆಳೆಯನದು. ಅವನು ಬ್ಯಾರಿಗಳ ಮನೆಯವನು, ಗಲ್ಫಿನಲ್ಲಿ ವರ್ಷಗಟ್ಟಲೆ ಶೇಖುಗಳ ಕಾರು ಉಜ್ಜಿ ಊರಿಗೆ ಬಂದವನು. ನಾನು ಮೊಗವೀರ. ನಮ್ಮ ಮನೆಯಲ್ಲಿ ಎಲ್ಲರೂ ಕಡಲಿಗೆ ಹೋದವರೇ. ದೋಣಿ ಹತ್ತಿದರೆ ವಾಂತಿ ಮಾಡುವವನು ನಾನೊಬ್ಬ. ಹಾಗಾಗಿ ಕಾರು ತಿಕ್ಕುವ ಕೆಲಸಕ್ಕೆ ಬಿದ್ದೆ, ಅದನ್ನು ಕಲಿಸಿದವನು ಅವನೇ.

ಕಾರಿನ ಬಣ್ಣದ ಮೇಲೆ ಗಾಜಿನಂಥ ಒಂದು ತೆಳು ಪದರ ಇರುತ್ತದೆ. ತೊಳೆಯುವಾಗ, ಒರೆಸುವಾಗ ಅದರ ಮೇಲೆ ಕೂದಲೆಳೆಯಂಥ ಗೀರುಗಳು ಬೀಳುತ್ತವೆ. ಪಾಲಿಶ್ ಎಂದರೆ ಆ ಪದರವನ್ನೇ ಚೂರು ತಿಕ್ಕಿ ಗೀರಿನ ಮಟ್ಟಕ್ಕೆ ಇಳಿಸುವುದು, ಅಷ್ಟೇ. ಜಾಸ್ತಿ ಇಳಿಸಿದರೆ ಪದರವೇ ಹೋಗುತ್ತದೆ, ಮತ್ತೆ ಪೇಂಟರನ ಕಾಲು ಹಿಡಿಯಬೇಕು. ಅದಕ್ಕೇ ಹೆಚ್ಚಿನ ಗಿರಾಕಿಗಳಿಗೆ ನಾವು ಮಾಡುವುದು ಒಂದೇ ಸುತ್ತು. ಒಂದು ಪಾಲಿಶ್, ಒಂದು ಪ್ಯಾಡ್, ಇಡೀ ಕಾರಿನ ಮೇಲೆ ಒಂದು ಸಲ. ಅದಕ್ಕೆಂದೇ ಒಂದು ಬಗೆಯ ಪಾಲಿಶ್ ಸಿಗುತ್ತದೆ. ಮೊದಲು ಸ್ವಲ್ಪ ಒರಟಾಗಿ ಕಚ್ಚಿ, ಉಜ್ಜುತ್ತಾ ಹೋದಂತೆ ತಾನೇ ಪುಡಿಯಾಗಿ ನುಣುಪಾಗುತ್ತದೆ. ಪ್ಯಾಡ್ ಮಾತ್ರ ನೋಡಿ ಆರಿಸಬೇಕು. ಉಣ್ಣೆಯದು ಹುಲಿ, ಬೇಗ ಕಡಿಯುತ್ತದೆ, ಹಿಂದೆ ಮಬ್ಬು ಬಿಟ್ಟು ಹೋಗುತ್ತದೆ. ಸ್ಪಂಜಿನದರಲ್ಲಿ ಗಟ್ಟಿ, ನಡು, ಮೆದು ಅಂತ ಮೂರು. ಯಾವುದನ್ನು ಹಿಡಿಯುವುದೆಂದು ತಿಳಿಯಲು ಬಾನೆಟ್ಟಿನ ಮೂಲೆಯಲ್ಲಿ ಒಂದು ಅಂಗೈ ಅಗಲ ಜಾಗದ ಸುತ್ತ ಟೇಪು ಹಚ್ಚಿ, ಎಲ್ಲಕ್ಕಿಂತ ಮೆದುವಾದದ್ದರಿಂದ ಶುರು ಮಾಡಿ ನೋಡಬೇಕು. ಸಾಕಾಗದಿದ್ದರೆ ಮಾತ್ರ ಒಂದು ಮೆಟ್ಟಿಲು ಮೇಲೆ ಹೋಗಬೇಕು.

ಒಂದು ಸುತ್ತಿನಲ್ಲಿ ಆಳದ ಗೀರುಗಳು ಹೋಗುವುದಿಲ್ಲ. ಹೋಗದ್ದನ್ನು ಹಾಗೇ ಬಿಡಬೇಕು. ನನಗೆ ಕಷ್ಟ ಇದ್ದದ್ದು ಅಲ್ಲಿಯೇ.

"ನೀನು ಕಾರಿಗೆ ಪಾಲಿಶ್ ಮಾಡುದಾ, ಇಲ್ಲ ಕಾರಿನೊಟ್ಟಿಗೆ ಜಗಳ ಮಾಡುದಾ?" ಎಂದು ಗೆಳೆಯ ತಮಾಷೆ ಮಾಡುತ್ತಿದ್ದ. "ಹತ್ತಡಿ ದೂರದಿಂದ ನೋಡು ಮಾರಾಯ. ಯಾರೂ ಕಾರಿಗೆ ಮೂಗು ತಾಗಿಸಿ ನೋಡುದಿಲ್ಲ."

ನಾನು ತಾಗಿಸಿಯೇ ನೋಡುತ್ತಿದ್ದೆ.

ಇನ್ನು ಅಕ್ಕ. ಅಮ್ಮ ತೀರಿಕೊಂಡಾಗ ನನಗೆ ಒಂಬತ್ತು, ಅವಳಿಗೆ ಹದಿನೆಂಟು. ಮರುವಾರವೇ ಅಮ್ಮನ ಬುಟ್ಟಿಯನ್ನು ಅವಳು ತಲೆಗೇರಿಸಿದಳು. ಬೆಳಗಾಗುವುದರೊಳಗೆ ದೋಣಿಗಳು ಬರುವ ದಕ್ಕೆಗೆ ಹೋಗಿ ಏಲಂ ಕೂಗಿ ಮೀನು ಕೊಂಡು, ಬಸ್ಸಿನ ಹಿಂದಿನ ಸೀಟಿನಲ್ಲಿ ಕಂಡಕ್ಟರನ ಬೈಗುಳ ತಿಂದುಕೊಂಡು ಕುಲಶೇಖರಕ್ಕೆ ಹೋಗಿ, ಮನೆಮನೆಗೆ ಮಾರಿ ಬರುತ್ತಿದ್ದಳು. ಮದುವೆಯಾಯಿತು, ಗಂಡ ಹೋದ, ಮಕ್ಕಳಾಗಲಿಲ್ಲ. ಬುಟ್ಟಿ ಇಳಿಯಲಿಲ್ಲ. ನಾನು ಓದಿದ್ದು, ಉಂಡದ್ದು, ಮದುವೆಯಾದದ್ದು ಎಲ್ಲ ಆ ಬುಟ್ಟಿಯಲ್ಲೇ.

ಐವತ್ತನಾಲ್ಕನೇ ವಯಸ್ಸಿನಲ್ಲಿ ಅವಳಿಗೆ ಇದ್ದಕ್ಕಿದ್ದಂತೆ ಕಾರು ಕಲಿಯುವ ಮನಸ್ಸಾಯಿತು. ಸೊಂಟ ನೋವು, ತಲೆ ಮೇಲೆ ಹೊರಲಿಕ್ಕೆ ಆಗುವುದಿಲ್ಲ, ರಿಕ್ಷಾದವರ ಪಿರಿಪಿರಿ ಸಾಕಾಗಿದೆ ಎಂದಳು. ನಾನು ನಕ್ಕೆ. ಮೂರು ತಿಂಗಳಲ್ಲಿ ಲೈಸೆನ್ಸ್ ತಂದು ನನ್ನ ಮುಖಕ್ಕೆ ಹಿಡಿದಳು. ಕಡುನೀಲಿ ಬಣ್ಣದ ಒಂದು ಹಳೆಯ ಸಣ್ಣ ಕಾರು ಕೊಂಡಳು. ಹಿಂದಿನ ಸೀಟು ಮಡಚಿ, ಡಿಕ್ಕಿಯಿಂದ ಮೀನಿನ ಕ್ರೇಟುಗಳನ್ನು ತಳ್ಳಿ, ಬಂಗುಡೆ, ಬೂತಾಯಿ, ಅದೃಷ್ಟ ಇದ್ದ ದಿನ ಅಂಜಲ್ ತುಂಬಿಕೊಂಡು ಹೊರಟಳು. ಕುಲಶೇಖರದಲ್ಲಿ ಅವಳು ಇನ್ನು "ಮೀನೂ" ಎಂದು ಕೂಗಬೇಕಾಗಿರಲಿಲ್ಲ. ಓಣಿಯ ತಿರುವಿನಲ್ಲಿ ಎರಡು ಹಾರ್ನ್ ಹೊಡೆದರೆ ಸಾಕು, ಕ್ರಿಶ್ಚಿಯನ್ ಮನೆಗಳ ಬಾಯಮ್ಮಂದಿರು ಪಾತ್ರೆ ಹಿಡಿದುಕೊಂಡು ಗೇಟಿಗೆ ಬರುತ್ತಿದ್ದರು.

ಆ ಕಾರನ್ನು ಅವಳು ದಿನಾ ತೊಳೆಯುತ್ತಿದ್ದಳು, ತೆಂಗಿನ ನಾರಿನಲ್ಲಿ. ಪಾತ್ರೆ ತಿಕ್ಕುವ ಅದೇ ನಾರು, ಅದೇ ಬಾರ್ ಸೋಪು! ಮೊದಲ ಸಲ ನೋಡಿದಾಗ ಓಡಿಹೋಗಿ ಅವಳ ಕೈ ಹಿಡಿದೆ.

"ಅಯ್ಯೋ ದೇವೆರೆ! ಅಕ್ಕಾ, ಇದು ಕಾರು, ಕಡಾಯಿ ಅಲ್ಲ!"

"ಮೀನಿನ ವಾಸನೆ ಹೋಗ್ಬೇಕಲ್ಲ? ನೀನು ಕೊಟ್ಟ ಆ ಮೆತ್ತಗಿನ ಬಟ್ಟೆಯಲ್ಲಿ ಎಂತದು ಹೋಗ್ತದೆ? ಬೇಕಾದ್ರೆ ನೀನೇ ಒಮ್ಮೆ ಹೊಳೆಯುವ ಹಾಗೆ ಮಾಡಿ ಕೊಡು. ಊರಿನವರ ಕಾರೆಲ್ಲ ಕನ್ನಡಿ ಮಾಡ್ತಿ."

"ಮಾಡ್ತೇನೆ ಅಕ್ಕ. ಈ ವಾರ ಕೆಲಸ ಜಾಸ್ತಿ ಉಂಟು."

ಆ ವಾರ ಏಳು ವರ್ಷ ಮುಗಿಯಲಿಲ್ಲ. ನಾಚಿಕೆಯಾಗುತ್ತದೆ ಬರೆಯಲು. ಮದುವೆ ಸೀಸನ್, ಹಬ್ಬದ ಸೀಸನ್, ಗಲ್ಫಿನವರು ರಜೆಗೆ ಬರುವ ಸೀಸನ್. ನನ್ನ ಶೆಡ್ಡಿನಲ್ಲಿ ಯಾವಾಗಲೂ ಯಾರದೋ ಒಂದು ಕಾರು ಇರುತ್ತಿತ್ತು. ಅಕ್ಕನ ಕಾರು ಬಿಸಿಲಿಗೆ ನಿಂತರೆ ನೀಲಿ ಕಾಣುತ್ತಲೇ ಇರಲಿಲ್ಲ, ಮೇಲೆಲ್ಲ ಬೂದಿ ಸವರಿದ ಹಾಗೆ. ಡಿಕ್ಕಿಯ ಅಂಚಿನಲ್ಲಿ ಕ್ರೇಟು ಎಳೆದೆಳೆದು ಬಿದ್ದ ಉದ್ದ ಗೀರುಗಳು ಬೇರೆ. ಅವಳೂ ಕೇಳುವುದನ್ನು ಬಿಡಲಿಲ್ಲ. ಸಿಟ್ಟಿನಿಂದಲ್ಲ, ನನ್ನನ್ನು ಕೆಣಕಲು. ಮನೆಗೆ ಯಾರಾದರೂ ಬಂದರೆ, "ನನ್ನ ತಮ್ಮ ದೊಡ್ಡ ಪಾಲಿಶ್‌ನವನು, ಅಲ್ಲಿ ನೋಡಿ ನನ್ನ ಕಾರು" ಎಂದು ತೋರಿಸಿ ನಗುತ್ತಿದ್ದಳು.

ಆಮೇಲೆ ಅವಳ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ನಮಗೆ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ನೋವಿದ್ದರೂ ಮೀನು ಮಾರುತ್ತಾ ಇದ್ದವಳು, ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಪಟ್ಟಣದ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಮಲಗಿದಳು. ಒಂದು ಬುಧವಾರ ಡಾಕ್ಟರು ನನ್ನನ್ನು ಹೊರಗೆ ಕರೆದು, "ಶನಿವಾರ ಮನೆಗೆ ಕರ್ಕೊಂಡು ಹೋಗಿ, ಅವರಿಗೆ ಇಷ್ಟವಾದದ್ದು ಕೊಡಿ" ಎಂದರು. ಇದರ ಅರ್ಥ ಎಲ್ಲರಿಗೂ ಆಗುತ್ತದೆ. ನನಗೂ ಆಯಿತು. ಆದರೆ ನಾನು ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ.

ಅಕ್ಕನಿಗೆ ಹೇಳುವ ಮೊದಲೇ ಅವಳಿಗೆ ಗೊತ್ತಿತ್ತು. ಅವಳ ಮಂಚ ಎರಡನೇ ಮಾಳಿಗೆಯಲ್ಲಿ ಕಿಟಕಿಯ ಪಕ್ಕ. ಕೆಳಗೆ ಕಾರು ನಿಲ್ಲಿಸುವ ಅಂಗಳ ಕಾಣುತ್ತಿತ್ತು.

"ಶನಿವಾರ ನಾನು ಆಂಬುಲೆನ್ಸಲ್ಲಿ ಬರುದಿಲ್ಲ" ಎಂದಳು. "ನನ್ನ ಕಾರಲ್ಲೇ ಬರ್ತೇನೆ. ನೀನು ಬಿಡು, ನಾನು ಪಕ್ಕದಲ್ಲಿ ಕೂತ್ಕೊಳ್ತೇನೆ. ಅದಕ್ಕೆ ಮೊದಲು ಅದನ್ನು ಒಮ್ಮೆ ಹೊಳೆಯುವ ಹಾಗೆ ಮಾಡು ಮಗಾ. ಮಾಡಿ ಈ ಕಿಟಕಿಯ ಕೆಳಗೆ ತಂದು ಎರಡು ಹಾರ್ನ್ ಹೊಡಿ. ನಾನು ಎದ್ದು ನೋಡ್ತೇನೆ."

"ಆಸ್ಪತ್ರೆಯಲ್ಲಿ ಹಾರ್ನ್ ಹೊಡೀಲಿಕ್ಕಿಲ್ಲ ಅಕ್ಕ."

"ಎರಡೇ ಎರಡು ಮಾರಾಯ. ಯಾರೂ ಸಾಯುದಿಲ್ಲ."

ಇಬ್ಬರೂ ನಕ್ಕೆವು. ನಾನು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಕಾರು ಶೆಡ್ಡಿನೊಳಗೆ ಇತ್ತು. ಬೇರೆ ಗಿರಾಕಿಗಳನ್ನೆಲ್ಲ ಮುಂದಕ್ಕೆ ಹಾಕಿದ್ದೆವು. ತೊಳೆದೆವು. ಬಾಗಿಲ ಸಂದಿಯಿಂದ ಮೀನಿನ ಹುರುಪೆ ಬಂತು, ಒಣಗಿ ಕಾಗದದ ಚೂರಿನ ಹಾಗೆ. ಗೆಳೆಯ ಬಾನೆಟ್ಟಿನ ಮೂಲೆಗೆ ಟೇಪು ಹಚ್ಚಿ ಪರೀಕ್ಷೆ ಮಾಡಿದ. ಮೆದು ಸ್ಪಂಜು ಸಾಕಾಗಲಿಲ್ಲ. ನಡುವಿನದಕ್ಕೆ ಹೋದ, ಕಿತ್ತಳೆ ಬಣ್ಣದ ಪ್ಯಾಡ್, ಒಂದೇ ಸುತ್ತಿನ ಪಾಲಿಶ್. ನಾಲ್ಕು ಸಲ ಅಡ್ಡ, ನಾಲ್ಕು ಸಲ ಉದ್ದ ಓಡಿಸಿ, ಸ್ಪಿರಿಟ್ ಹಾಕಿ ಒರೆಸಿ, ಲೈಟು ಹಿಡಿದ. ಆ ಅಂಗೈ ಅಗಲ ಜಾಗದಲ್ಲಿ ಕಡುನೀಲಿ ಎದ್ದು ಬಂದಿತ್ತು. ನಾರಿನ ಗೀರುಗಳು ಬಹುಪಾಲು ಮಾಯ. ಆಳದವು ನಾಲ್ಕೈದು ಉಳಿದಿದ್ದವು.

"ಇದೇ ಸಾಕು" ಎಂದ. "ಇಬ್ಬರೂ ಹಿಡಿದ್ರೆ ಮಧ್ಯಾಹ್ನಕ್ಕೆ ಮುಗೀತದೆ. ಅಕ್ಕನಿಗೆ ಇವತ್ತೇ ತೋರಿಸುವ."

ನಾನು ಬಗ್ಗಿ ಮೂಗು ತಾಗಿಸಿ ಆ ನಾಲ್ಕೈದು ಗೀರುಗಳನ್ನು ನೋಡಿದೆ. ಏಳು ವರ್ಷದ ಅಪರಾಧ ತಲೆಯಲ್ಲಿ ಕುಟ್ಟುತ್ತಿತ್ತು. ಊರಿನವರಿಗೆಲ್ಲ ಮಾಡುವ ಒಂದು ಸುತ್ತನ್ನೇ ಅವಳಿಗೂ ಮಾಡಿ ಕೈ ತೊಳೆದುಕೊಳ್ಳುವುದೇ?

"ಆಗುದಿಲ್ಲ" ಎಂದೆ. "ಒಂದು ಗೀರೂ ಉಳೀಬಾರದು. ಉಣ್ಣೆಯದು ತೆಗಿ, ಆ ಒರಟು ಕಾಂಪೌಂಡು ಪಾಲಿಶ್ ತೆಗಿ. ಮೂರು ಸುತ್ತು ಮಾಡುವ."

"ಈ ಬಣ್ಣ ಮೆದು ಉಂಟು ಮಾರಾಯ. ಉಣ್ಣೆ ಹಾಕಿದ್ರೆ ಮಬ್ಬು ಬರ್ತದೆ. ಆ ಮಬ್ಬು ತೆಗೀಲಿಕ್ಕೆ ಮತ್ತೊಂದು ದಿನ. ನಮಗೆ ದಿನ ಎಲ್ಲುಂಟು?"

"ನಿನ್ನ ಅಕ್ಕನದ್ದಾಗಿದ್ರೆ ಹೀಗೆ ಹೇಳ್ತಿದ್ಯಾ?"

ಅವನು ಹೋಗಿ ಉಣ್ಣೆಯ ಪ್ಯಾಡು ತಂದು ಕೊಟ್ಟ. ಹಾಗೆ ಹೇಳಬಾರದಿತ್ತು. ಗಲ್ಫಿನಿಂದ ಬಂದ ಹೊಸತರಲ್ಲಿ ಅವನು ಕೆಲಸವಿಲ್ಲದೆ ಇದ್ದಾಗ ಅಕ್ಕ ಅವನ ಮನೆಗೂ ಮೀನು ಕೊಟ್ಟು ಹೋಗುತ್ತಿದ್ದಳು. ಅವಳನ್ನು ಅವನು ಅಕ್ಕ ಎಂದೇ ಕರೆಯುತ್ತಿದ್ದ.

ಅವನು ಹೇಳಿದಂತೆಯೇ ಆಯಿತು. ಉಣ್ಣೆಯ ಪ್ಯಾಡು ಆಳದ ಗೀರುಗಳನ್ನು ತಿಂದುಹಾಕಿತು, ಜೊತೆಗೆ ಇಡೀ ಜಾಗಕ್ಕೆ ಹಾಲು ಚೆಲ್ಲಿದಂಥ ಮಬ್ಬು ಹಿಡಿಸಿತು. ಎರಡನೇ ಸುತ್ತಿನಲ್ಲಿ ಅದು ಹೋಗಲಿಲ್ಲ. ನಮ್ಮೂರಿನ ಸೆಕೆಗೆ ಪಾಲಿಶ್ ಒಣಗದೆ ಪ್ಯಾಡಿನಲ್ಲಿ ಅಂಟಾಗಿ ಕೂತಿತು. ಪ್ಯಾಡು ತೊಳೆ, ಒಣಗಿಸು, ಮತ್ತೆ ಹಾಕು. ಸಂಜೆ ಐದಕ್ಕೆ ಅರ್ಧ ಬಾನೆಟ್ಟು ಆಗಿತ್ತು. ನಡುವೆ ಟೇಪು, ಆಚೆ ಬೂದಿ, ಈಚೆ ನೀಲಿ. ಆ ಅರ್ಧದಲ್ಲಿ ನನ್ನ ಮುಖ, ತಗಡಿನ ಮಾಡು, ಲೈಟಿನ ವಯರು ಎಲ್ಲ ಕಾಣುತ್ತಿದ್ದವು. ನನಗೆ ಎಷ್ಟು ಖುಷಿ!

ಆಸ್ಪತ್ರೆಗೆ ಹೋದಾಗ ಅಕ್ಕ ಕೇಳಿದಳು, "ಆಯ್ತಾ?"

"ನಾಳೆ ಆಗ್ತದೆ."

"ಮೊಬೈಲಲ್ಲಿ ಫೋಟೋ ಉಂಟಾ?"

"ಅರ್ಧ ಕೆಲಸ ತೋರಿಸುದಿಲ್ಲ ಅಕ್ಕ. ಪೂರ್ತಿ ಆದ ಮೇಲೆ."

ನಮ್ಮ ಶೆಡ್ಡಿನಲ್ಲಿ ಹಾಗೊಂದು ಕಟ್ಟು ಇದೆ. ಅರ್ಧ ಆದ ಕಾರನ್ನು ಮಾಲೀಕರಿಗೆ ತೋರಿಸುವುದಿಲ್ಲ. ಎಲ್ಲ ಮುಗಿದ ಮೇಲೆ ಟೇಪು ಬಿಚ್ಚಿ, ಲೈಟು ಹಾಕಿ, ಅವರನ್ನು ಕರೆದು ಹತ್ತಡಿ ದೂರದಲ್ಲಿ ನಿಲ್ಲಿಸಿ ಆಮೇಲೆ ಪರದೆ ಸರಿಸುವುದು. ಅವರ ಬಾಯಿ ತೆರೆಯುವುದನ್ನು ನೋಡುವುದೇ ನನಗೆ ಸಂಬಳ. ಅಕ್ಕನ ಮುಖ ಹಾಗೆ ಆಗುವುದನ್ನು ನಾನು ನೋಡಬೇಕಿತ್ತು. ಅವಳಿಗಾಗಿ ಎಂದು ಹೇಳಿಕೊಳ್ಳುತ್ತಿದ್ದೆ, ನಿಜವಾಗಿ ನನಗಾಗಿಯೇ ಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಗೆಳೆಯ ಮತ್ತೊಮ್ಮೆ ಹೇಳಿದ. ಬಾನೆಟ್ಟು ಹಾಗೇ ಇರಲಿ, ಉಳಿದದ್ದಕ್ಕೆಲ್ಲ ಕಿತ್ತಳೆ ಪ್ಯಾಡು ಹಾಕುವ, ಸಂಜೆಗೆ ಕೊಂಡುಹೋಗುವ. ನಾನು ಮೆಷಿನನ್ನು ಮೇಜಿನ ಮೇಲೆ ಕುಕ್ಕಿ, "ನಿನಗೆ ಸಾಕಾಗಿದ್ರೆ ಮನೆಗೆ ಹೋಗು" ಎಂದೆ. ಅವನು ಮನೆಗೆ ಹೋಗಲಿಲ್ಲ. ಬೆಳಿಗ್ಗೆಯಿಡೀ ನಾನು ಬಾನೆಟ್ಟಿನ ಆದ ಅರ್ಧವನ್ನೇ ಮತ್ತೆ ಮತ್ತೆ ತಿಕ್ಕಿದೆ, ಅವನು ಪಕ್ಕದಲ್ಲಿ ನಿಂತು ಬಟ್ಟೆ ಕೊಡುತ್ತಾ ಇದ್ದ. ಹನ್ನೆರಡೂವರೆಗೆ ಜುಮ್ಮಾ ನಮಾಜಿಗೆ ಹೊರಟಾಗ, "ಡಿಕ್ಕಿಯ ಅಂಚಿಗೆ ಮಾತ್ರ ಉಣ್ಣೆ ಹಿಡೀಬೇಡ. ನಾನು ಬಂದ ಮೇಲೆ ಕೈಯಲ್ಲಿ ಮಾಡುವ" ಎಂದು ಹೇಳಿ ಹೋದ.

ಅವನು ಅತ್ತ ಹೋದದ್ದೇ ತಡ, ನಾನು ಉಣ್ಣೆ ಹಿಡಿದೆ. ಕ್ರೇಟಿನ ಆ ಉದ್ದ ಗೀರುಗಳು ನನ್ನನ್ನು ಅಣಕಿಸುತ್ತಿದ್ದವು. ಅಂಚಿನಲ್ಲಿ ಪದರ ತೆಳು ಇರುತ್ತದೆ, ಮೆಷಿನ್ ಅಲ್ಲಿ ನಿಂತರೆ ಬಿಸಿಯಾಗಿ ಸುಡುತ್ತದೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ ನಾವು ಮೊದಲ ದಿನ ಹೇಳುವ ಪಾಠ ಅದು. ಎರಡು ನಿಮಿಷವೂ ಆಗಿರಲಿಕ್ಕಿಲ್ಲ. ನೀಲಿ ಹೋಗಿ ಅಡಿಯ ಬೂದು ಬಣ್ಣ ಇಣುಕಿತು, ಕೋಳಿಮೊಟ್ಟೆಯಷ್ಟು ಅಗಲ. ಮೆಷಿನ್ ಆಫ್ ಮಾಡಿ ನೆಲದ ಮೇಲೆ ಕೂತುಬಿಟ್ಟೆ. ಪೇಂಟರನಿಗೆ ಫೋನು ಮಾಡಿದರೆ ಸಂಜೆ ಬರುತ್ತೇನೆ, ಒಣಗಲು ನಾಳೆಯಾಗುತ್ತದೆ ಎಂದ.

ಮೂರು ಗಂಟೆಗೆ ಆಸ್ಪತ್ರೆಯಲ್ಲಿದ್ದ ನನ್ನ ಹೆಂಡತಿಯ ಫೋನು ಬಂತು. "ಅಕ್ಕ ಕಾರು ಕಾರು ಅಂತಿದ್ದಾರೆ. ಹೇಗುಂಟೋ ಹಾಗೆ ತರಬೇಕಂತೆ."

"ಈಗ ತರ್ಲಿಕ್ಕೆ ಆಗುದಿಲ್ಲ ಅಂತ ಹೇಳು."

ಆಚೆ ಏನೋ ಸದ್ದಾಯಿತು. ಅಕ್ಕನೇ ಫೋನು ತೆಗೆದುಕೊಂಡಿದ್ದಳು. ದನಿ ಬಹಳ ದೂರದಿಂದ ಬಂದ ಹಾಗಿತ್ತು.

"ಮಗಾ, ನನಗೆ ಕನ್ನಡಿ ಬೇಡ. ಕಾರು ನೋಡಿದ್ರೆ ಸಾಕು. ತಂದು ನಿಲ್ಲಿಸು."

"ಹೀಗೆ ತಂದ್ರೆ ನನಗೇ ನಾಚಿಕೆ ಅಕ್ಕ. ನಾಳೆ ಬೆಳಿಗ್ಗೆ ನೋಡು, ನಿನ್ನ ಕಣ್ಣು ಕುಕ್ಕಬೇಕು."

"ಆಯ್ತು. ನಿನ್ನ ಹಠ" ಎಂದಳು. ಬೈದದ್ದಲ್ಲ. ಚಿಕ್ಕಂದಿನಲ್ಲಿ ನಾನು ಉಣ್ಣುವುದಿಲ್ಲ ಎಂದಾಗ ತಟ್ಟೆ ಮುಚ್ಚಿಟ್ಟು ಹೇಳುತ್ತಿದ್ದಳಲ್ಲ, ಅದೇ ದನಿ.

ಬೈಕಂಪಾಡಿಯಿಂದ ಆಸ್ಪತ್ರೆಗೆ ಎಷ್ಟು ದೂರ? ಟ್ರಾಫಿಕ್ ಇದ್ದರೂ ಮುಕ್ಕಾಲು ಗಂಟೆ. ಕಾರಿನ ನಾಲ್ಕು ಚಕ್ರವೂ ಸರಿ ಇತ್ತು, ಪೆಟ್ರೋಲ್ ಇತ್ತು, ಹಾರ್ನ್ ಇತ್ತು. ಸುಟ್ಟ ಜಾಗ ಇದ್ದದ್ದು ಹಿಂದೆ, ಡಿಕ್ಕಿಯಲ್ಲಿ. ಎರಡನೇ ಮಾಳಿಗೆಯ ಕಿಟಕಿಯಿಂದ ಅದು ಕಾಣುತ್ತಲೂ ಇರಲಿಲ್ಲ. ಇದೆಲ್ಲ ನನಗೆ ಹೊಳೆದದ್ದು ಆಮೇಲೆ.

ಶನಿವಾರ ಬೆಳಿಗ್ಗೆ ಎಂಟೂವರೆಗೆ, ಪೇಂಟರ್ ಹಚ್ಚಿದ ಬಣ್ಣವನ್ನು ನಾನು ಬೆರಳಿನ ತುದಿಯಿಂದ ಮುಟ್ಟಿ ನೋಡುತ್ತಿದ್ದಾಗ, ಹೆಂಡತಿ ಫೋನು ಮಾಡಿ ಅಕ್ಕ ಹೋದಳು ಎಂದಳು. ಗಂಜಿ ಕುಡಿಸಲು ಎಬ್ಬಿಸಿದರೆ ಏಳಲಿಲ್ಲವಂತೆ. ಮುಖ ಕಿಟಕಿಯ ಕಡೆಗೆ ಇತ್ತಂತೆ. ಅದನ್ನು ಅವಳು ನನಗೆ ಹೇಳದಿದ್ದರೆ ಚೆನ್ನಾಗಿತ್ತು.

ಬೇಡ ಎಂದಿದ್ದ ಆಂಬುಲೆನ್ಸಿನಲ್ಲೇ ಅಕ್ಕ ಮನೆಗೆ ಹೋದಳು. ನಾನು ಅವಳ ಕಾರಿನಲ್ಲಿ ಹಿಂದೆ ಹೋದೆ. ಗೆಳೆಯ ಪಕ್ಕದಲ್ಲಿ, ಅವಳು ಕೂರುತ್ತೇನೆ ಎಂದಿದ್ದ ಸೀಟಿನಲ್ಲಿ, ಕೂತಿದ್ದ. ಬಾನೆಟ್ಟಿನ ಟೇಪು ತೆಗೆಯಲು ಇಬ್ಬರಿಗೂ ನೆನಪಾಗಿರಲಿಲ್ಲ. ನೇತ್ರಾವತಿ ಸೇತುವೆಯ ಮೇಲೆ ಗಾಳಿಗೆ ಅದರ ಒಂದು ತುದಿ ಎದ್ದು ಪಟಪಟ ಬಡಿದುಕೊಳ್ಳತೊಡಗಿತು. ತೊಕ್ಕೊಟ್ಟಿನಲ್ಲಿ ಜಂಕ್ಷನ್ನಿನ ಬ್ಲಾಕಿನಲ್ಲಿ ನಿಂತಾಗ ಪಕ್ಕದ ರಿಕ್ಷಾದವನು ತಲೆ ಹೊರಗೆ ಹಾಕಿ, "ಅರ್ಧ ಭಾರೀ ಲಾಯ್ಕ್ ಉಂಟಲ್ಲ ಅಣ್ಣಾ, ಇನ್ನರ್ಧ ಯಾವಾಗ?" ಎಂದು ನಕ್ಕ. ಅವನಿಗೇನು ಗೊತ್ತು ಪಾಪ. ಗೆಳೆಯ ಕಿಟಕಿಯ ಗ್ಲಾಸು ಏರಿಸಿದ.

ಕುಲಶೇಖರದಿಂದ ಹತ್ತು ಹನ್ನೆರಡು ಮಂದಿ ಹೆಂಗಸರು ಬಂದಿದ್ದರು. ಅವರಲ್ಲಿ ಒಬ್ಬ ಬಾಯಮ್ಮ ಅಂಗಳದಲ್ಲಿ ನಿಂತ ಕಾರನ್ನು ಕೈಯಿಂದ ಸವರಿ, ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಅವರು ಸವರಿದ್ದು ಬೂದಿ ಬಣ್ಣದ ಕಡೆಯನ್ನು. ಅವರಿಗೆ ಗುರುತಿದ್ದದ್ದು ಅದೇ.

ಉತ್ತರಕ್ರಿಯೆಯ ಬೊಜ್ಜದ ಊಟ ಮುಗಿದು, ಬಂದವರೆಲ್ಲ ಹೋದ ಮೇಲೆ, ಮತ್ತೂ ನಾಲ್ಕು ದಿನ ನಾನು ಶೆಡ್ಡಿಗೆ ಹೋಗಲಿಲ್ಲ. ಐದನೇ ದಿನ ಗೆಳೆಯ ಬಂದು ಬಾಗಿಲಲ್ಲಿ ನಿಂತ. "ಕಾರು ತೆಗಿ, ಹೋಗುವ" ಎಂದ. ಶೆಡ್ಡಿನಲ್ಲಿ ಮೇಜಿನ ಮೇಲೆ ಎಲ್ಲ ಸರಿಸಿ, ಒಂದು ಬಾಟಲಿ, ತೊಳೆದು ಒಣಗಿಸಿದ ಕಿತ್ತಳೆ ಪ್ಯಾಡುಗಳು, ಮಡಚಿದ ಬಟ್ಟೆ, ಇಷ್ಟೇ ಇಟ್ಟಿದ್ದ. ಉಣ್ಣೆಯದು ಎಲ್ಲಿಯೂ ಕಾಣಲಿಲ್ಲ.

"ನಾನು ಎಡ ಬದಿ, ನೀನು ಬಲ" ಎಂದ. ನಾನು ಮೆಷಿನ್ ಹಿಡಿದೆ.

ನಾಲ್ಕು ಸಲ ಅಡ್ಡ, ನಾಲ್ಕು ಸಲ ಉದ್ದ. ಒರೆಸು, ಮುಂದಕ್ಕೆ ಹೋಗು. ಬಾಗಿಲು, ಚಕ್ರದ ಮೇಲಿನ ರೆಕ್ಕೆ, ಕಾರಿನ ಛಾವಣಿ. ಉಳಿದ ಗೀರುಗಳನ್ನು ನೋಡಿದೆ, ಬಿಟ್ಟೆ. ಎಷ್ಟು ಸುಲಭ ಇತ್ತು ಬಿಡುವುದು! ಕಣ್ಣು ತುಂಬಿ ಕಾಣದಾದಾಗ ನಿಲ್ಲಿಸಿ ತೋಳಿನಿಂದ ಒರೆಸಿಕೊಂಡು ಮತ್ತೆ ಹಿಡಿದೆ. ಡಿಕ್ಕಿಯ ಅಂಚಿನಲ್ಲಿ ಪೇಂಟರ್ ಹಚ್ಚಿದ ಮಚ್ಚೆ ಒಂದು ಬಣ್ಣ, ಸುತ್ತ ಇನ್ನೊಂದು ಬಣ್ಣ. ಅದನ್ನೂ ಹಾಗೇ ಬಿಟ್ಟೆ. ಬಾನೆಟ್ಟಿನ ನಡುವಿನ ಟೇಪು ಕಿತ್ತಾಗ ಅದರ ಅಂಟು ಉಳಿದು ಒಂದು ಗೆರೆಯಾಗಿತ್ತು, ಗೆಳೆಯ ಉಗುರಿನಿಂದ ಕೆರೆದು ತೆಗೆದ.

ಮುಗಿದಾಗ ಲೈಟು ಹಾಕಿದ. ಇಬ್ಬರೂ ಹತ್ತಡಿ ಹಿಂದೆ ಹೋಗಿ ನಿಂತೆವು. ಕಾರು ಹೊಳೆಯುತ್ತಿತ್ತು. ಸಾಕಷ್ಟು ಹೊಳೆಯುತ್ತಿತ್ತು. ಅಭ್ಯಾಸಬಲದಿಂದ ಅವನು, "ಓನರನ್ನು ಕರೆ..." ಎಂದು ಶುರು ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದು ಹೊರಗೆ ಹೋದ.

ನಾನು ಗೋಡೆಯ ಗಡಿಯಾರ ನೋಡಿದೆ. ಒಂಬತ್ತಕ್ಕೆ ಶುರು ಮಾಡಿದ್ದೆವು, ಹನ್ನೆರಡೂವರೆ ಆಗಿತ್ತು. ಆ ಗುರುವಾರ ಹೀಗೆಯೇ ಮಾಡಿದ್ದರೆ ಅವಳಿಗೆ ಮಧ್ಯಾಹ್ನದ ಗಂಜಿ ತರುವ ಹೊತ್ತಿಗೆ ನಾನು ಆ ಕಿಟಕಿಯ ಕೆಳಗೆ ನಿಂತು ಎರಡು ಹಾರ್ನ್ ಹೊಡೆಯಬಹುದಿತ್ತು. ಆಮೇಲೆ ಅವಳಿಗೆ ಇನ್ನೂ ಒಂದೂವರೆ ದಿನ ಇತ್ತು, ನೋಡಲಿಕ್ಕೆ.